ಆಡುಸೋಗೆ ರಸ: ನಾನು ತೆಗೆಯುವ ಬಗೆ

ಕಫದ ಕೆಮ್ಮಿಗೆ ಕೊಡುವ ಆಡುಸೋಗೆ ಎಲೆಯನ್ನು ಹಸಿಯಾಗಿ ಕುಟ್ಟಿದರೆ ಮುದ್ದೆಯಾಗುತ್ತದೆ, ರಸ ಬಿಡುವುದಿಲ್ಲ. ಆಗ ನೀರು ಬೆರೆಸಿ ಹಿಂಡುವವರೇ ಹೆಚ್ಚು, ಅಲ್ಲಿಗೆ ಅಳತೆ ಕೆಟ್ಟಂತೆ. ಈ ಎಲೆಗೆ ಬಿಸಿ ತಾಗಲೇಬೇಕು. ಆಯುರ್ವೇದದ ಪುಟಪಾಕ, ಅಂದರೆ ಕುಟ್ಟಿದ ಸೊಪ್ಪನ್ನು ಎಲೆಯಲ್ಲಿ ಸುತ್ತಿ, ಮಣ್ಣು ಮೆತ್ತಿ, ಕೆಂಡದಲ್ಲಿ ಬೇಯಿಸಿ ರಸ ಹಿಂಡುವ ಕ್ರಮ, ಇರುವುದು ಅದಕ್ಕೇ.

ಬಲಿತ, ಕಡುಹಸಿರು ಎಲೆಯನ್ನೇ ಆರಿಸುತ್ತೇನೆ. ಚಿಗುರು ಬೇಡ, ಹಣ್ಣಾದದ್ದೂ ಬೇಡ. 20 ಎಲೆ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ಒರಳಲ್ಲಿ ಕುಟ್ಟಿ ಉಂಡೆ ಮಾಡುತ್ತೇನೆ. ಉಂಡೆಯನ್ನು ಬಾಡಿಸಿದ ಬಾಳೆಎಲೆಯಲ್ಲಿ ಎರಡು ಸುತ್ತು ಸುತ್ತಿ, ಬಾಳೆನಾರಿನಿಂದ ಕಟ್ಟಿ, ಮೇಲೆ ಹೆಬ್ಬೆರಳು ದಪ್ಪ ಜೇಡಿಮಣ್ಣು ಮೆತ್ತಿ ಕೆಂಡದಲ್ಲಿ ಹೂಳಬೇಕು. ಮಣ್ಣು ಕೆಂಪಗಾದ ಕೂಡಲೇ ತೆಗೆಯಬೇಕು. ಮೆತ್ತಿದ್ದು ತೆಳುವಾದರೆ ಮಣ್ಣು ಬಿರುಕು ಬಿಟ್ಟು ಒಳಗಿನ ಸೊಪ್ಪು ಸೀಯುತ್ತದೆ, ರಸಕ್ಕೆ ಹೊಗೆವಾಸನೆ ಹತ್ತುತ್ತದೆ. ಕೆಂಡ ಸಿಗದ ಮನೆಯಲ್ಲಿ ಇದೇ ಪೊಟ್ಟಣವನ್ನು ಮಣ್ಣಿಲ್ಲದೆ ಇಡ್ಲಿ ಪಾತ್ರೆಯಲ್ಲಿ 10-12 ನಿಮಿಷ ಹಬೆಗಿಟ್ಟರೂ ಆಗುತ್ತದೆ. ಹಸಿರು ಹೋಗಿ ಪಾಚಿಬಣ್ಣ ಬಂದರೆ ಹದ ಸರಿ. ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಬಟ್ಟೆಯಲ್ಲಿ ಹಿಂಡಿ; ಪೂರ್ತಿ ಆರಿದರೆ ರಸ ಅರ್ಧಕ್ಕರ್ಧ ಸೊಪ್ಪಿನಲ್ಲೇ ಉಳಿಯುತ್ತದೆ.

ಕಫ ಕಟ್ಟಿದ ಕೆಮ್ಮಿಗೆ ದೊಡ್ಡವರಿಗೆ ಎರಡು ಟೀ ಚಮಚ, ಅಂದರೆ 10 ಮಿ.ಲೀ., ದಿನಕ್ಕೆರಡು ಸಲ. ರಸ ಆರಿದ ಮೇಲೆ ಒಂದು ಚಮಚ ಜೇನು. ಕಹಿಯೆಂದು ಜೇನನ್ನೇ ಹೆಚ್ಚು ಸುರಿಯಬೇಡಿ. ಅವತ್ತಿನ ರಸ ಅವತ್ತಿಗೇ ಮುಗಿಯಬೇಕು. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸಾರವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಮಾತ್ರೆ ರೂಪುಗೊಂಡದ್ದು. ಹಾಗಾಗಿ ಸೊಪ್ಪೆಂದು ಹಗುರವಾಗಿ ಕಾಣುವಂತಿಲ್ಲ: ಅಳತೆ ಮೀರಿದರೆ ವಾಂತಿ, ಭೇದಿ. ಗರ್ಭಕೋಶ ಸಂಕುಚಿಸುವ ಗುಣವಿರುವುದರಿಂದ ಗರ್ಭಿಣಿಯರಿಗೆ ನಾನು ಕೊಡುವುದೇ ಇಲ್ಲ. ಚಿಕ್ಕ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡುವುದಿಲ್ಲ.

ಹೆಸರಿನ ಗೊಂದಲವೂ ಇದೆ. ಆಡುಮುಟ್ಟದ ಬಳ್ಳಿ ಬೇರೆಯೇ ಗಿಡ. ಉಬ್ಬಸಕ್ಕೆ ಬಳಸುತ್ತಾರೆ, ಆದರೆ ಜೋರಾಗಿ ವಾಂತಿ ಮಾಡಿಸುತ್ತದೆ. ಆಡುಸೋಗೆ ಬಳ್ಳಿಯಲ್ಲ, ಪೊದೆ. ಉದ್ದನೆಯ ಚೂಪು ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಬಿಳಿ ಹೂವಿನ ಕೆಳತುಟಿಯಲ್ಲಿ ನೇರಳೆ ಗೆರೆ. ಹೂ ನೋಡದೆ ಹೊಸ ಗಿಡದ ಎಲೆ ಕೊಯ್ಯಬೇಡಿ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ರಸ ನಿಲ್ಲಿಸಿ ಕ್ಷಯದ ಕಫ ಪರೀಕ್ಷೆಗೆ ಕಳಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.