ಕರಡಿ ಮಜಲು ಮೇಳಕ್ಕೆ ಸರ್ಕಾರದ ಧನಸಹಾಯ: ಅರ್ಜಿಯಿಂದ ಅಧಿವೇಶನದವರೆಗೆ

ಬಾಗಲಕೋಟೆ ಸೀಮೆಯಲ್ಲಿ ಜಾತ್ರೆ ಹತ್ತಿರ ಬಂತೆಂದರೆ ಕರಡಿ ಎಂಬ ಚರ್ಮವಾದ್ಯಕ್ಕೆ ಹೊಸ ಚರ್ಮ ಬಿಗಿಯುವ ಕೆಲಸ ಶುರುವಾಗುತ್ತದೆ. ಕರಡಿ, ಶಹನಾಯಿಯಂಥ ಊದುವಾದ್ಯ ಸನಾದಿ, ತಾಳ ಸೇರಿ ಹತ್ತು-ಹನ್ನೆರಡು ಜನ ನಿಂತರೆ ಅದೇ ನಮ್ಮ ವಾದ್ಯವೃಂದ. ಬೀಳಗಿಯ ಸನಾದಿ ಅಪ್ಪಣ್ಣನವರ ಜಿಲ್ಲೆಯಿದು, ನುಡಿಸುವವರಿಗೆ ಕೊರತೆಯಿಲ್ಲ. ಮೇಳಗಳ ಅರ್ಜಿ ಬಿದ್ದುಹೋಗುವುದು ಕಾಗದದ ಕೊರತೆಯಿಂದ. ಕಾಗದ ಕೂಡಿಸಲು ವರ್ಷವೇ ಹಿಡಿಯುತ್ತದೆ. ಅರ್ಜಿ ಕರೆಯುವ ಪ್ರಕಟಣೆ ಬರಲಿ ಎಂದು ಕಾಯಬೇಡಿ.

ಮೊದಲು ಸಂಘ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ಕನಿಷ್ಠ 7 ಸದಸ್ಯರು ಬೇಕು. ಏಳೂ ಜನ ಒಂದೇ ಮನೆಯವರಾದರೆ ಮುಂದೆ ಆಕ್ಷೇಪಕ್ಕೆ ದಾರಿ. ಬೇರೆ ಯಾವುದೋ ಯುವಕ ಸಂಘದ ಬೈಲಾ (ನಿಯಮಾವಳಿ) ನಕಲು ಮಾಡಿ ಕೊಡುವ ರೂಢಿಯಿದೆ; ಅದರಲ್ಲಿ ಕಲೆ ಎಂಬ ಶಬ್ದವೇ ಇರುವುದಿಲ್ಲ. ಉದ್ದೇಶಗಳಲ್ಲಿ ‘ಜನಪದ ವಾದ್ಯಗಳ ತರಬೇತಿ ಮತ್ತು ಪ್ರದರ್ಶನ’ ಎಂದು ಸ್ಪಷ್ಟವಾಗಿ ಬರೆಸಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಜಮಾಖರ್ಚನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಎರಡು ವರ್ಷ ಬಿಟ್ಟರೆ ಸಂಘ ಇದ್ದೂ ಇಲ್ಲದಂತೆ.

ಮುಂದಿನದು ಬ್ಯಾಂಕ್ ಖಾತೆ, ಪ್ಯಾನ್. ಎರಡೂ ಸಂಘದ ಹೆಸರಿನಲ್ಲೇ ಇರಬೇಕು, ಅಧ್ಯಕ್ಷರ ಹೆಸರಿನಲ್ಲಲ್ಲ. ನೋಂದಣಿ ಪತ್ರ, ಪ್ಯಾನ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ಅಕ್ಷರ ಅಕ್ಷರ ಓದಿ. ಒಂದರಲ್ಲಿ ಹೆಸರಿನ ಮುಂದೆ ‘ಶ್ರೀ’ ಇದೆ, ಇನ್ನೊಂದರಲ್ಲಿಲ್ಲ. ನೋಂದಣಿಯಲ್ಲಿ ‘ಮೇಳ’, ಪಾಸ್‌ಬುಕ್ಕಿನಲ್ಲಿ ‘ಸಂಘ’. ಮಂಜೂರಾದ ಹಣ ಖಾತೆಗೆ ಬೀಳದೆ ಹಿಂದಕ್ಕೆ ಹೋಗಲು ಇಷ್ಟು ಸಾಕು. ತಿದ್ದುಪಡಿಗೆ ವಾರಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಮಾರ್ಚ್ 31 ದಾಟಿರುತ್ತದೆ.

ನುಡಿಸಿದ್ದಕ್ಕೆ ಪುರಾವೆ

ಮೇಳಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಇಪ್ಪತ್ತು ವರ್ಷ ಜಾತ್ರೆ, ಮೆರವಣಿಗೆ ಮಾಡಿದ್ದರೂ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಪ್ರತಿ ಕಾರ್ಯಕ್ರಮ ಮುಗಿದ ವಾರದೊಳಗೆ ಜಾತ್ರಾ ಸಮಿತಿಯಿಂದಲೋ ಗ್ರಾಮ ಪಂಚಾಯ್ತಿಯಿಂದಲೋ ತಲೆಬರಹದ ಹಾಳೆಯಲ್ಲಿ ಪತ್ರ ಪಡೆಯಿರಿ. ಮೇಳದ ಹೆಸರು, ದಿನಾಂಕ, ಸ್ಥಳ, ಕಲಾವಿದರ ಸಂಖ್ಯೆ, ಸಹಿ, ಸೀಲು: ಆರೂ ಇರಲಿ. ಜೊತೆಗೆ ಆಹ್ವಾನ ಪತ್ರಿಕೆ, ದಿನಾಂಕ ಕಾಣುವಂತೆ ಪತ್ರಿಕೆಯ ತುಣುಕು, ಎರಡು ಫೋಟೋ. ಫೋಟೋದಲ್ಲಿ ಹಿಂದಿನ ಬ್ಯಾನರ್ ಓದುವಂತಿರಬೇಕು. ಬರೀ ಕುಣಿತದ ಫೋಟೋ ಯಾವ ಊರಿನದ್ದೂ ಆಗಬಹುದು. ಮೂರು ವರ್ಷದ್ದನ್ನು ಒಂದೇ ಫೈಲಿನಲ್ಲಿ ವರ್ಷವಾರು ಹೊಲಿದಿಡಿ.

ಎಲ್ಲಿಗೆ ಅರ್ಜಿ

ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ. ಧನಸಹಾಯದ ಅರ್ಜಿಗಳನ್ನು ಇಲಾಖೆ ರಾಜ್ಯದ ಆನ್‌ಲೈನ್ ಸೇವಾ ಪೋರ್ಟಲ್ ಸೇವಾಸಿಂಧು ಮೂಲಕ ಕರೆಯುತ್ತದೆ. ಕೊನೆಯ ದಿನದವರೆಗೆ ತಡೆದರೆ ಸರ್ವರ್ ಕೈಕೊಡುತ್ತದೆ. ಒಂದು ವಾರ ಮುಂಚೆಯೇ ಹಾಕಿ, ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ಯೋಜನೆ ನಮ್ಮ ಮೇಳಗಳಿಗೆ ಹೇಳಿ ಮಾಡಿಸಿದಂತಿದೆ. ಒಬ್ಬ ಗುರುವಿಗೆ ತಿಂಗಳಿಗೆ 15,000 ರೂಪಾಯಿ. ಗರಿಷ್ಠ 18 ಶಿಷ್ಯರಿಗೆ ವಯಸ್ಸಿನ ಮೇಲೆ 2,000ದಿಂದ 10,000 ರೂಪಾಯಿ. ಉತ್ಸವ ಅಥವಾ ಹೊಸ ಪ್ರಯೋಗಕ್ಕೆ ಬೇರೆ ಯೋಜನೆಯಿದ್ದು, ಸಾಮಾನ್ಯವಾಗಿ 5 ಲಕ್ಷದವರೆಗೆ ಸಿಗುತ್ತದೆ. ಕೇಂದ್ರದ ಹಣಕ್ಕೆ ಸಂಘ-ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ ಪೋರ್ಟಲ್‌ನ ಸಂಖ್ಯೆ ಕಡ್ಡಾಯ. ಇದನ್ನು ಮೊದಲೇ ಮಾಡಿಸಿ.

ಅಂದಾಜು ಪಟ್ಟಿಯಲ್ಲಿ ‘ಇತರೆ ಖರ್ಚು 50,000’ ಎಂದು ಬರೆದರೆ ಪರಿಶೀಲಿಸುವವರ ಪೆನ್ನು ಮೊದಲು ಅಲ್ಲಿಗೇ ಹೋಗುತ್ತದೆ. ಬಿಡಿಸಿ ಬರೆಯಿರಿ: 12 ಜನ, ದಿನಕ್ಕೆ 2 ಊಟ, ಊಟಕ್ಕೆ 100 ರೂಪಾಯಿ, 3 ದಿನಕ್ಕೆ 7,200. ವಾದ್ಯಕ್ಕೆ ಅಂಗಡಿಯ ಜಿಎಸ್‌ಟಿ ಕೊಟೇಶನ್ ಇರಲಿ. ಚರ್ಮ ಬಿಗಿಯುವವರ ಬಳಿ ಬಿಲ್ ಇರುವುದಿಲ್ಲ. ಅವರ ವಿಳಾಸ, ಕೆಲಸ, ಮೊತ್ತ ಬರೆದ ರಸೀದಿಗೆ ಸಹಿ ಪಡೆಯಿರಿ. ಮೊತ್ತ 5,000 ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಲೇಬೇಕು. ಹಣವನ್ನು ನಗದಿನ ಬದಲು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಟ್ಟರೆ ಆಡಿಟ್‌ನಲ್ಲಿ ಮಾತಾಡಬೇಕಾಗುವುದಿಲ್ಲ. ಖರ್ಚಾದ ಮೇಲೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ ಹಣಕ್ಕೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆ. ಅದು ಬಾಕಿಯಿದ್ದರೆ ಮುಂದಿನ ಅರ್ಜಿಯ ಆಸೆ ಬಿಡಿ.

ಎಲ್ಲರಿಗಾಗಿ ಕೇಳುವುದು

ಒಂದು ಮೇಳದ ಅರ್ಜಿ ಒಂದು ಮೇಳಕ್ಕೆ ಆಗುತ್ತದೆ. ಯೋಜನೆಯ ಒಟ್ಟು ಮೊತ್ತವೇ ಏರಬೇಕೆಂದರೆ ಹತ್ತಾರು ಮೇಳ ಒಟ್ಟಾಗಿ ಹೋಗಬೇಕು. ಹೊತ್ತು ಮುಖ್ಯ. ರಾಜ್ಯದ ಬಜೆಟ್ ಮಂಡನೆಯಾಗುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ಇಲಾಖೆಯ ಬೇಡಿಕೆ ಸಿದ್ಧವಾಗುವುದು ತಿಂಗಳುಗಟ್ಟಲೆ ಮುಂಚೆ. ಮಾರ್ಚ್‌ನಲ್ಲಿ ಕೊಟ್ಟ ಮನವಿ ಮುಂದಿನ ವರ್ಷದ ಕಪಾಟು ಸೇರುತ್ತದೆ.

ನಮ್ಮ ಭಾಗಕ್ಕೊಂದು ಅನುಕೂಲವಿದೆ: ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದೆ. ಹೊರಗೆ ಟೆಂಟ್ ಹಾಕಿ ಕರಡಿ ಬಾರಿಸಿದರೆ ಗಮನ ಸೆಳೆಯಬಹುದು. ದಾಖಲೆಯಾಗಿ ಉಳಿಯುವುದು ಸದನದ ಪ್ರಶ್ನೆ. ನಿಮ್ಮ ಶಾಸಕರಿಗೆ ದಸರಾ-ದೀಪಾವಳಿಯ ಹೊತ್ತಿಗೇ ಪ್ರಶ್ನೆ ಬರೆದು ಕೊಡಿ; ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಸೂಚನೆಯ ಗಡುವು ಮುಗಿದಿರುತ್ತದೆ. ಪ್ರಶ್ನೆ ಹೀಗಿರಲಿ: ‘ಕಳೆದ ಮೂರು ವರ್ಷಗಳಲ್ಲಿ ಬಾಗಲಕೋಟೆ ಜಿಲ್ಲೆಯ ಜನಪದ ವಾದ್ಯ ಮೇಳಗಳಿಂದ ಬಂದ ಅರ್ಜಿಗಳೆಷ್ಟು, ಮಂಜೂರಾದ ಮೊತ್ತವೆಷ್ಟು, ತಿರಸ್ಕಾರಕ್ಕೆ ಕಾರಣಗಳೇನು?’ ಚುಕ್ಕೆ ಗುರುತಿಲ್ಲದ, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಕೇಳದ ಪ್ರಶ್ನೆಯಾದರೂ ಲಿಖಿತ ಉತ್ತರ ಬರುತ್ತದೆ. ಆ ಹಾಳೆಯೇ ನಿಮ್ಮ ಮುಂದಿನ ಮನವಿಗೆ ಆಧಾರ.

ಸದನದವರೆಗೆ ಹೋಗಲಾಗದಿದ್ದರೆ ಇದನ್ನೇ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಶಬ್ದದೊಳಗೆ ಇರಬೇಕು. ಮನವಿ ಯಾವುದೇ ಇರಲಿ, ಎರಡು ಪ್ರತಿ ಒಯ್ಯಿರಿ; ಒಂದರ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.