ಸಂಜೆಯ ಟೀ ಬಿಟ್ಟು ಹರ್ಬಲ್ ಟೀ ಹಿಡಿದೆ

ನನ್ನ ತೊಂದರೆ ನಿದ್ದೆಯದು. ಹನ್ನೊಂದಕ್ಕೆ ಮಲಗಿದರೂ ರಾತ್ರಿ ಒಂದರವರೆಗೆ ಸುಮ್ನೆ ಹೊರಳಾಡುತ್ತಿದ್ದೆ. ದಿನಕ್ಕೆ ಐದು ಕಪ್ ಟೀ ಕುಡಿಯುತ್ತಿದ್ದೆ, ಕೊನೆಯದು ರಾತ್ರಿ ಎಂಟಕ್ಕೆ. ಟೀಯಲ್ಲಿರುವ, ನಿದ್ದೆ ತಡೆಯುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಎಂಟಕ್ಕೆ ಐದು ಕೂಡಿಸಿದೆ, ರಾತ್ರಿ ಒಂದು. ಇನ್ನೇನು ಕಾರಣ ಹುಡುಕೋದು!

ಮಧ್ಯಾಹ್ನದ ನಂತರದ ಮೂರು ಕಪ್ ಬಿಟ್ಟು, ಟೀ ಎಲೆಯ ಬದಲು ಹೂವು, ಎಲೆ, ಬೇರುಗಳಿಂದ ಮಾಡುವ ಹರ್ಬಲ್ ಟೀ ಶುರು ಮಾಡಿದೆ. ಮೊದಲ ಪೊಟ್ಟಣದಲ್ಲೇ ಮೋಸಹೋದೆ. ಮೇಲೆ ಹೂವು, ಎಲೆಗಳ ಚಿತ್ರ. ಎರಡು ವಾರವಾದರೂ ನಿದ್ದೆ ಸುಧಾರಿಸದಿದ್ದಾಗ ಹಿಂಬದಿಯ ಸಣ್ಣ ಅಕ್ಷರ ಓದಿದೆ. ಅರ್ಧಕ್ಕರ್ಧ ಗ್ರೀನ್ ಟೀ! ಅದೂ ಟೀ ಗಿಡದ ಎಲೆಯೇ, ಕೆಫೀನ್ ಇದ್ದೇ ಇರುತ್ತದೆ. ಈಗ ಹಿಂಬದಿ ಓದದೆ ಏನನ್ನೂ ಕೊಳ್ಳುವುದಿಲ್ಲ.

ಆಮೇಲೆ ಕ್ಯಾಮೊಮೈಲ್ ಹೂವು ತಂದೆ. ಮೊದಲು ತೆರೆದ ಲೋಟದಲ್ಲಿ ಎರಡು ನಿಮಿಷ ನೆನೆಸಿ ಕುಡಿದೆ. ಬಿಸಿನೀರಿಗೆ ಹುಲ್ಲಿನ ವಾಸನೆ ಬಂದಂತಿತ್ತು. ಒಂದು ದಿನ ತಟ್ಟೆ ಮುಚ್ಚಿಟ್ಟು ಮರೆತುಬಿಟ್ಟೆ. ಹತ್ತು ನಿಮಿಷದ ಮೇಲೆ ತೆಗೆದರೆ ತಟ್ಟೆಯ ಒಳಬದಿಗೆ ಹನಿಗಳು ಕಟ್ಟಿದ್ದವು. ಮೂಸಿದರೆ ಹಣ್ಣಾದ ಸೇಬಿನ ಘಮ. ಇಷ್ಟು ದಿನ ಅದೆಲ್ಲ ಹಬೆಯ ಜೊತೆ ಹಾರಿಹೋಗುತ್ತಿತ್ತು ಅಲ್ವಾ ಅನ್ನಿಸಿತು. ಈಗ ಆ ಹನಿಗಳನ್ನೂ ಲೋಟಕ್ಕೇ ಕೊಡವುತ್ತೇನೆ. ಹೂವು, ಎಲೆಗೆ ಹೀಗೆ ಮುಚ್ಚಿಡುವುದು ಸಾಕು. ಶುಂಠಿಯಂಥ ಗಟ್ಟಿ ಬೇರಿಗೆ ಸಾಲದು, ಜಜ್ಜಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಪ್ರಯಾಣದಲ್ಲಿ ಹೊಟ್ಟೆ ತೊಳಸಿದಾಗ ನನಗೆ ಕೈಹಿಡಿಯುವುದು ಅದೇ.

ಪುದೀನ ಮಾತ್ರ ಕೈಕೊಟ್ಟಿತು. ಹೊಟ್ಟೆ ಉಬ್ಬರಕ್ಕೆ ಒಳ್ಳೆಯದೇ, ಅದರ ಮೆಂಥಾಲ್ ಕರುಳಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಆದರೆ ಹೊಟ್ಟೆಯ ಹುಳಿ ಮೇಲೆ ಬರದಂತೆ ತಡೆಯುವ ಸ್ನಾಯುವನ್ನೂ ಅದು ಸಡಿಲಿಸಬಹುದು. ಊಟ ಮಾಡಿ, ಪುದೀನ ಕುಡಿದು, ಮಲಗಿದೆ. ಗಂಟಲವರೆಗೆ ಉರಿ. ಎದೆಯುರಿ ಇರುವವರು ಮಲಗುವ ಮುಂಚೆ ಇದನ್ನು ಕುಡಿಯಬೇಡಿ.

ಅದಕ್ಕಿಂತ ದೊಡ್ಡ ಪಾಠ ಜ್ಯೇಷ್ಠಮಧುವಿನದು. ಸಿಹಿ ಇರುತ್ತದೆ, ಸಕ್ಕರೆ ಬೇಡ ಅಂತ ದಿನಾ ಎರಡು ಮೂರು ಲೋಟ ಕುಡಿಯತೊಡಗಿದೆ. ಕೆಲವು ವಾರಗಳಲ್ಲಿ ಬಿಪಿ ಏರಿತು. ಹೊಸದಾಗಿ ಏನು ಶುರು ಮಾಡಿದ್ದೀರಿ ಎಂದು ಡಾಕ್ಟರ್ ಕೇಳಿದಾಗ ಇದನ್ನು ಹೇಳಲೇ ಇಲ್ಲ. ಟೀ ಏನು ಡಾಕ್ಟರಿಗೆ ಹೇಳುವಂಥ ವಿಷಯವಾ ಅಂದುಕೊಂಡಿದ್ದೆ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿ ಅಂಶ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನಿಲ್ಲಿಸಿದ ಮೇಲೆ ಬಿಪಿ ನಿಧಾನಕ್ಕೆ ಇಳಿಯಿತು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಕ್ಯಾಮೊಮೈಲ್ ಬಗ್ಗೆಯೂ ಡಾಕ್ಟರನ್ನು ಕೇಳಲೇಬೇಕು. ಗರ್ಭಿಣಿಯರೂ ಅಷ್ಟೇ.

ನಿದ್ದೆ? ಈಗ ಹನ್ನೊಂದೂವರೆಗೆಲ್ಲ ಬರುತ್ತದೆ. ಹೂವಿನ ಗುಣವೋ, ಟೀ ಬಿಟ್ಟಿದ್ದಕ್ಕೋ ಎಂದರೆ, ಟೀ ಬಿಟ್ಟಿದ್ದಕ್ಕೇ ಜಾಸ್ತಿ ಅಂತೀನಿ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಆರು ಚಮಚ ಸಕ್ಕರೆಯೂ ತಪ್ಪಿತು. ಆದರೆ ಕೈಗೆ ಬಿಸಿ ಲೋಟ ಬೇಕಿತ್ತು, ಬರೀ ನೀರು ಕುಡಿದು ಟೀ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಬೆಳಗಿನ ಎರಡು ಕಪ್ ಇನ್ನೂ ಇದೆ. ಅದನ್ನು ಬಿಡುವ ಯೋಚನೆ ಸದ್ಯಕ್ಕಂತೂ ಇಲ್ಲ.