ಅಳದ ಕೂಸು

ಬಾಗಲಕೋಟೆಯಲ್ಲಿ ಅನಸ್ತೇಶಿಯಾ ಕೊಡುವ ಕೆಲಸ ನನ್ನದು. ಶುರುವಿನ ವರ್ಷಗಳಲ್ಲಿ ಮಕ್ಕಳ ಆಪರೇಷನ್ ಇದ್ದರೆ ಹಿಂದಿನ ದಿನ ಕೇಸ್ ಶೀಟಿನಲ್ಲಿ ಒಂದೇ ಸಾಲು ಬರೆಯುತ್ತಿದ್ದೆ: ರಾತ್ರಿ 12ರ ನಂತರ ಏನೂ ಕೊಡಬೇಡಿ. ಬರೆಯೋದು ಸುಲಭ, ಸಿಸ್ಟರ್‌ಗೆ ನೆನಪಿಡೋದೂ ಸುಲಭ.

ಒಮ್ಮೆ ಬೀಳಗಿ ಕಡೆಯ ಎರಡೂವರೆ ವರ್ಷದ ಹುಡುಗ ಬಂದಿದ್ದ. ಹರ್ನಿಯಾ, 10 ಕಿಲೋ ತೂಕ. ನಡುವೆ ಒಂದು ಅರ್ಜೆಂಟ್ ಸಿಸೇರಿಯನ್ ಬಂದು ಅವನ ಸರದಿ ಬರುವಾಗ 11:30 ಆಗಿತ್ತು. ಒಳಗೆ ಕರೆತಂದರೆ ಅಳಲೇ ಇಲ್ಲ. ಥಿಯೇಟರ್ ನೋಡಿ ಅಳದ ಕೂಸು ಕಂಡರೆ ನನಗೆ ಈಗಲೂ ಭಯ. ಬೆರಳು ಚುಚ್ಚಿ ಗ್ಲುಕೋಮೀಟರ್ ಹಿಡಿದೆ. ರಕ್ತದ ಸಕ್ಕರೆ 52, ಕಡಿಮೆ.

ಹೊರಗೆ ಹೋಗಿ ಅವರವ್ವನನ್ನು ಕೇಳಿದೆ. "ನಿನ್ನಿ ಸಂಜಿ ಏಳಕ್ಕ ಚೂರು ರೊಟ್ಟಿ-ಹಾಲು ಉಣಿಸೇನ್ರಿ. ಆಮ್ಯಾಲ ನೀರು ಬೇಡಿ ಅತ್ತಾನ್ರಿ, ನೀವ ಬ್ಯಾಡ ಅಂದಿದ್ರಲ್ರಿ." ಹದಿನಾರೂವರೆ ಗಂಟೆ! 12ರ ತನಕ ಕೊಡಬಹುದಿತ್ತು ನಿಜ. ಮಲಗಿದ ಕೂಸನ್ನು ಎಬ್ಬಿಸಿ ಯಾರು ಉಣಿಸ್ತಾರೆ?

ಕಿಲೋಗೆ 2 ಎಂ.ಎಲ್. ಲೆಕ್ಕದಲ್ಲಿ 10% ಡೆಕ್ಸ್ಟ್ರೋಸ್, ಅಂದರೆ ನರಕ್ಕೆ ಹಾಕುವ ಸಕ್ಕರೆ ನೀರು, 20 ಎಂ.ಎಲ್. ಕೊಟ್ಟೆ. ಕಾಲು ಗಂಟೆ ಬಿಟ್ಟು ನೋಡಿದರೆ 94. ಆಗ ಸೂಜಿ ಹಾಕಿದ ಕೈ ಎಳೆದುಕೊಂಡು ಅತ್ತ. ನನಗೆ ಜೀವ ಬಂತು.

ಅನಸ್ತೇಶಿಯಾ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು ಅಂತಲೇ ಉಪವಾಸ. ಅದನ್ನು ಬಿಡೋಕಾಗಲ್ಲ. ಆದರೆ ಚಿಕ್ಕ ಮಕ್ಕಳ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆ, ಮೈ ಅದನ್ನು ಖರ್ಚು ಮಾಡುವುದು ಜಾಸ್ತಿ. ಆರೋಗ್ಯವಾಗಿರುವ ಹೆಚ್ಚಿನ ಮಕ್ಕಳು ತಡಕೊಳ್ಳುತ್ತಾರೆ. ಬಡಕಲು ಕೂಸು, ಎಳೆಗೂಸು ತಡೆಯೋದು ಕಷ್ಟ. ನಿದ್ದೆ ಬರಿಸಿದ ಮೇಲಂತೂ ಸಕ್ಕರೆ ಇಳಿದದ್ದು ಮುಖ ನೋಡಿ ಗೊತ್ತಾಗೋದೇ ಇಲ್ಲ. ಹಾಗಂತ ಎಲ್ಲರಿಗೂ ಸುಮ್ನೆ ಡೆಕ್ಸ್ಟ್ರೋಸ್ ಹಚ್ಚೋದೂ ತಪ್ಪು. ಆಪರೇಷನ್ನಿನ ಒತ್ತಡಕ್ಕೇ ಸಕ್ಕರೆ ಏರುತ್ತದೆ.

ಈಗ ನಾನು ಆ ಒಂದೇ ಸಾಲು ಬರೆಯುವುದಿಲ್ಲ. 'ಇಷ್ಟು ಗಂಟೆ ಮೊದಲು' ಅಂತಲೂ ಹೇಳುವುದಿಲ್ಲ, ಒಂದೊಂದಕ್ಕೂ ಗಡಿಯಾರದ ಸಮಯವನ್ನೇ ಬರೆಯುತ್ತೇನೆ. ಬೆಳಿಗ್ಗೆ 9ಕ್ಕೆ ಆಪರೇಷನ್ ಇದ್ದರೆ ಊಟ, ದನದ ಹಾಲು, ಡಬ್ಬಿ ಹಾಲು ನಸುಕಿನ 3ರ ತನಕ. ಎದೆಹಾಲು 5ರ ತನಕ. ನೀರು, ಸಕ್ಕರೆ ನೀರು 7ರ ತನಕ. ಇಂಥ ತಿಳಿನೀರನ್ನು 1 ಗಂಟೆ ಮೊದಲಿನ ತನಕ ಕೊಡಬಹುದು ಅಂತ ಯುರೋಪಿನ ಅನಸ್ತೇಶಿಯಾ ವೈದ್ಯರ ಸಂಘ 2022ರಲ್ಲಿ ಹೇಳಿದೆ. ನಾನು ಇನ್ನೂ 2 ಗಂಟೆಯಲ್ಲೇ ಇದ್ದೇನೆ. ಆಪರೇಷನ್ ಲಿಸ್ಟ್ ತಡವಾದರೆ ಮಾತ್ರ ಫೋನ್ ಮಾಡಿ ಇನ್ನೊಂದು ಲೋಟ ತಿಳಿನೀರು ಕುಡಿಸಲು ಹೇಳುತ್ತೇನೆ. ಚಿಕ್ಕ ಕೂಸಿದ್ದರೆ ಲಿಸ್ಟಿನಲ್ಲಿ ಅದೇ ಮೊದಲು.

ಜಾಸ್ತಿ ಜಗಳ ಆಗೋದು 'ತಿಳಿ' ಅನ್ನೋ ಮಾತಿಗೆ. ಮಜ್ಜಿಗೆ ತಿಳಿ ಅಲ್ವಾ ಅಂತಾರೆ, ಅಂಬಲಿ ತೆಳ್ಳಗಿದೆಯಲ್ಲ ಅಂತಾರೆ. ಲೋಟದ ಆಚೆ ಹಿಡಿದ ಪೇಪರಿನ ಅಕ್ಷರ ಕಾಣಬೇಕು ಅಂತ ತೋರಿಸುತ್ತೇನೆ. ಚಹಾದಲ್ಲಿ ಅದ್ದಿದ ಬಿಸ್ಕಿಟ್ ಊಟದ ಲೆಕ್ಕಕ್ಕೇ. ಕೊಟ್ಟಿದ್ದರೆ ಹೇಳಿಬಿಡಿ, ಬೈಯಲ್ಲ, ಮುಂದಕ್ಕೆ ಹಾಕೋಣ ಅಂತಲೂ ಹೇಳುತ್ತೇನೆ. ಬೈದರೆ ಅಜ್ಜಿಯರು ಮುಚ್ಚಿಡುತ್ತಾರೆ.

ಹೋದ ತಿಂಗಳು ಮುಧೋಳದ ಅಜ್ಜ ಒಬ್ಬರು ತಡೆದು ಕೇಳಿದರು: "ಡಾಕ್ಟ್ರ, ನೀವು ಎಬ್ಬಿಸಿ ಕುಡಸ್ರಿ ಅಂತೀರಿ, ಬಾಜೂ ಕಾಟಿನವರು ಹನಿ ನೀರೂ ಬ್ಯಾಡ ಅಂತಾರ. ಯಾರ ಮಾತು ಕೇಳಬೇಕ್ರಿ?" ಅವತ್ತಿನಿಂದ ಸಮಯ ಬರೆದ ಚೀಟಿ ಕೇಸ್ ಶೀಟಿನಲ್ಲಿ ಇರುವುದಿಲ್ಲ, ಮಂಚದ ತಲೆಕಡೆ ಅಂಟಿಸಿರುತ್ತದೆ.